ಹೊಳೆ ಕಡಲು ಕೂಡುವಲ್ಲಿ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನದಿಯ ಕೊನೆಯನ್ನು ಹುಡುಕಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಆದರೂ ಹುಡುಕಿಕೊಂಡು ಹೋದವರು ವಿರಳ. ನದಿ ಹುಟ್ಟುವ ಸ್ಥಳದಲ್ಲಿ ನಾವು ಗುಡಿ ಕಟ್ಟಿದ್ದೇವೆ. ಎರಡು ನದಿಗಳು ಕೂಡುವ ಸ್ಥಳವನ್ನು ಸಂಗಮವೆಂದು ಕರೆದು ಅಲ್ಲಿ ಮಿಂದು ಕೈಮುಗಿದಿದ್ದೇವೆ. ನಡುದಾರಿಯಲ್ಲಿ ಅಣೆಕಟ್ಟು ಕಟ್ಟಿ ನೀರನ್ನು ಹೊಲಗಳಿಗೆ ತಿರುಗಿಸಿಕೊಂಡಿದ್ದೇವೆ. ಅದೇ ನದಿ ಕಡಲನ್ನು ಸೇರುವ ಸ್ಥಳದಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ, ಒಳನಾಡಿನವರಾದ ನಮ್ಮ ಕಣ್ಣಿಗೆ ಬರುವುದು ಒಂದೇ ಚಿತ್ರ: ಭೂಪಟದ ಮೇಲಿನ ತೆಳುವಾದ ನೀಲಿ ಗೆರೆಯೊಂದು ವಿಶಾಲವಾದ ನೀಲಿ ಬಣ್ಣದಲ್ಲಿ ಕರಗಿಹೋಗುವ ಚಿತ್ರ.

ನಾನು ವಿಜ್ಞಾನ ಬೋಧಿಸುವ ಶಾಲೆ ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ, ಸಿಂಗಟಾಲೂರಿನ ಪರಿಸರದಲ್ಲಿದೆ. ಸಿಂಗಟಾಲೂರು ತುಂಗಭದ್ರೆಯ ದಡದ ಊರು. ವೀರಭದ್ರೇಶ್ವರನ ಗುಡಿಯಿಂದಾಗಿ ಸುತ್ತಲಿನ ಸೀಮೆಗೆಲ್ಲ ಅದರ ಹೆಸರು ಪರಿಚಿತ. ಈಚಿನ ವರ್ಷಗಳಲ್ಲಿ ಏತ ನೀರಾವರಿ ಯೋಜನೆಯಿಂದಾಗಿ ಇನ್ನಷ್ಟು ಪರಿಚಿತವಾಗಿದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಮೈದುಂಬಿ ಹರಿಯುತ್ತದೆ, ಬೇಸಗೆಯಲ್ಲಿ ಸೊರಗುತ್ತದೆ. ದಡ ಬಿಟ್ಟು ಈಚೆಗೆ ಬಂದರೆ ಎರೆಹೊಲಗಳು. ಜೋಳ, ಕಡಲೆ, ಹತ್ತಿ ಮೊದಲಾದ ಬೆಳೆಗಳು ಅಲ್ಲಿ ಮುಗಿಲನ್ನು ನೋಡುತ್ತ ನಿಂತಿರುತ್ತವೆ. ಮಳೆ ಕೈಕೊಟ್ಟ ವರ್ಷ, ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: “ಹೊಳಿ ನೀರೆಲ್ಲಾ ಸಮುದ್ರಕ್ಕ ಹೋಗಿ ಹಾಳಾಗತೈತಿ.” ಬಾಯಾರಿದ ನೆಲದ ಮಾತು ಅದು. ಅದರಲ್ಲಿರುವ ಸಂಕಟ ನಿಜವಾದದ್ದು. ಆದರೆ ಸಂಕಟ ನಿಜವಾದ ಮಾತ್ರಕ್ಕೆ ಮಾತೂ ನಿಜವಾಗುವುದೇ? ವಿಜ್ಞಾನದಲ್ಲಿ ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ. ಪರೀಕ್ಷಿಸದೆ ತಳ್ಳಿಹಾಕುವಂತೆಯೂ ಇಲ್ಲ. ಈ ಮಾತನ್ನು ಪರೀಕ್ಷಿಸಬೇಕಾದರೆ ಹೊಳೆ ಕಡಲು ಕೂಡುವಲ್ಲಿಗೇ ಹೋಗಬೇಕು.

ನಮ್ಮ ತುಂಗಭದ್ರೆಯ ಕೊನೆ ಬಹುದೂರ. ತುಂಗೆ ಮತ್ತು ಭದ್ರೆ ಹುಟ್ಟುವುದು ಪಶ್ಚಿಮಘಟ್ಟದ ವರಾಹ ಪರ್ವತದಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ನೂರು ಕಿಲೋಮೀಟರಿಗಿಂತಲೂ ಹತ್ತಿರ. ಆದರೂ ಆ ನೀರು ಹತ್ತಿರದ ಕಡಲಿಗೆ ಬೆನ್ನು ತೋರಿಸಿ ಪೂರ್ವಕ್ಕೆ ಹೊರಡುತ್ತದೆ. ಕೂಡಲಿಯಲ್ಲಿ ಒಂದಾಗಿ, ನಮ್ಮ ಊರನ್ನು ಹಾದು, ಹೊಸಪೇಟೆಯ ಬಳಿಯ ಜಲಾಶಯದಲ್ಲಿ ತಂಗಿ, ಕರ್ನೂಲನ್ನು ದಾಟಿ ಕೃಷ್ಣೆಯನ್ನು ಸೇರಿ, ಕೊನೆಗೆ ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನಮಗೆ ಅದಕ್ಕಿಂತ ಸಮೀಪದಲ್ಲಿ ಇಂಥ ಸ್ಥಳಗಳಿರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಆ ಜಿಲ್ಲೆಯಲ್ಲಿ ಒಂದರ ಪಕ್ಕದಲ್ಲೊಂದು ಕಡಲನ್ನು ಸೇರುತ್ತವೆ. ನದಿ ಕಡಲನ್ನು ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ, ಅಘನಾಶಿನಿಯ ಅಳಿವೆಯಲ್ಲಿ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಿಗಾಗಿ ಐದು ದಿನಗಳ ಕ್ಷೇತ್ರ ಅಧ್ಯಯನ ಶಿಬಿರ ಏರ್ಪಟ್ಟಿತು. ನಾನೂ ಹೆಸರು ಕೊಟ್ಟು ಹೊರಟೆ.

ಗದಗು, ಹುಬ್ಬಳ್ಳಿಗಳನ್ನು ದಾಟಿ ಶಿರಸಿಯ ಮಾರ್ಗ ಹಿಡಿದಾಗ ಬಯಲುಸೀಮೆ ನಿಧಾನವಾಗಿ ಹಿಂದೆ ಸರಿಯಿತು. ದೇವಿಮನೆ ಘಟ್ಟವನ್ನು ಇಳಿದು ಕುಮಟೆಯನ್ನು ತಲುಪುವಷ್ಟರಲ್ಲಿ ಗಾಳಿಗೇ ಒಂದು ಬಗೆಯ ಜಿಗುಟು ಬಂದಿತ್ತು. ಅಘನಾಶಿನಿ ಹುಟ್ಟುವುದು ಶಿರಸಿಯ ಸುತ್ತಿನಲ್ಲಿಯೇ. ಕಾಡುಗಳ ನಡುವೆ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 120 ಕಿಲೋಮೀಟರ್ ದಾರಿಯನ್ನು ಕ್ರಮಿಸಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಕಡಲಿಗೆ ತಾನು ತರಬೇಕಾದುದನ್ನೆಲ್ಲ ಅದು ಇಂದಿಗೂ ತರುತ್ತಿದೆ. ಅಳಿವೆಯ ಕೆಲಸವೇನೆಂದು ಕಲಿಯಲು ಇದಕ್ಕಿಂತ ತಕ್ಕ ಸ್ಥಳ ದುರ್ಲಭ.

ಶಿಬಿರವನ್ನು ನಡೆಸುತ್ತಿದ್ದವರು ಕಡಲಜೀವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರು. ಮೊದಲ ಸಂಜೆಯೇ ಅವರು ನಮಗೊಂದು ಕಟ್ಟಳೆ ಹಾಕಿದರು. “ನೀವೆಲ್ಲ ಮಕ್ಕಳಿಗೆ ಪಾಠ ಹೇಳುವವರು. ಐದು ದಿನ ನಿಮಗೆ ಯಾರೂ ಪಾಠ ಹೇಳುವುದಿಲ್ಲ. ನೋಡಿ, ಮುಟ್ಟಿ, ಅಳೆಯಿರಿ, ಬರೆದುಕೊಳ್ಳಿ. ಪ್ರಾಣಿಯ ಹೆಸರನ್ನು ಕೊನೆಗೆ ಕೇಳಿ, ಅದು ಏನು ಮಾಡುತ್ತಿದೆ ಎಂಬುದನ್ನು ಮೊದಲು ನೋಡಿ” ಎಂದರು. ಅನಂತರ ಒಂದು ಹಳೆಯ ಸಂಗತಿಯನ್ನು ನೆನೆದರು. 1873ರ ಬೇಸಗೆಯಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ, ಲೂಯಿ ಅಗಾಸಿ ಎಂಬ ಪ್ರಕೃತಿವಿಜ್ಞಾನಿ ಶಿಕ್ಷಕರಿಗಾಗಿಯೇ ಒಂದು ಶಾಲೆ ತೆರೆದರಂತೆ. ಸುಮಾರು 50 ಮಂದಿ ಶಿಕ್ಷಕ ಶಿಕ್ಷಕಿಯರು ಅಲ್ಲಿ ಕೂಡಿದರು. ಪುಸ್ತಕದ ಬದಲು ಕಡಲ ಜೀವಿಗಳನ್ನೇ ಕೈಗೆತ್ತಿಕೊಂಡು ಅವರು ಕಲಿತರು. ಅಗಾಸಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಶಾಲೆಯೂ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅಲ್ಲಿ ಮೊಳೆತ ವಿಚಾರ ಬಾಳಿತು. 1888ರಲ್ಲಿ ಸಮೀಪದ ವುಡ್ಸ್ ಹೋಲಿನಲ್ಲಿ ಪ್ರಾರಂಭವಾದ ಕಡಲಜೀವಶಾಸ್ತ್ರದ ಪ್ರಯೋಗಾಲಯ ಇಂದಿಗೂ ಆ ಪರಂಪರೆಯನ್ನು ಮುಂದುವರಿಸಿದೆ. “ನಮ್ಮ ಪ್ರಯೋಗಾಲಯ ಇದು” ಎಂದು ಪ್ರಾಧ್ಯಾಪಕರು ಕೈಚಾಚಿ ತೋರಿಸಿದ್ದು ಎದುರಿಗೆ ಹಬ್ಬಿದ್ದ ಕೆಸರು ಬಯಲನ್ನು.

ನಮ್ಮ ಸಲಕರಣೆಗಳನ್ನು ನೋಡಿದರೆ ನಿಮಗೆ ನಗು ಬರಬಹುದು. ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಗುರುತು ಹಚ್ಚಿದ ಬಿದಿರ ಗಳು. ತಳಕ್ಕೆ ಕಲ್ಲು ಕಟ್ಟಿದ ಬಾಟಲಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮರದ ಚೌಕಟ್ಟು. ಕೆಲವು ಗಾಜಿನ ಜಾಡಿಗಳು, ತಕ್ಕಡಿ, ಒಲೆ, ಹಗ್ಗ, ನೋಟುಪುಸ್ತಕ. ಇವುಗಳಲ್ಲಿ ಹಳ್ಳಿಯ ಶಾಲೆಗೆ ನಿಲುಕದ ವಸ್ತು ಒಂದೂ ಇರಲಿಲ್ಲ.

ಬಿದಿರ ಗಳುವನ್ನು ನಾವು ನೀರಿನ ಅಂಚಿನಲ್ಲಿ ನೆಟ್ಟೆವು. ಅರ್ಧ ಅರ್ಧ ಗಂಟೆಗೆ ನೀರಿನ ಮಟ್ಟವನ್ನು ಓದಿ ಬರೆಯುವುದು ಮೊದಲ ಕೆಲಸ. ನಮ್ಮ ಕಡೆಯ ಹೊಳೆಯ ನೀರು ಮಳೆಯ ಮಾತನ್ನಷ್ಟೇ ಕೇಳುತ್ತದೆ. ಇಲ್ಲಿನ ನೀರು ಚಂದ್ರನ ಮಾತನ್ನೂ ಕೇಳುತ್ತದೆ. ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಮುಂದೆ ಸಾಗಿರುವುದೇ ಇದಕ್ಕೆ ಕಾರಣ. ಐದು ದಿನಗಳ ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿ ಗೆರೆ ಎಳೆದಾಗ ಕಂಡ ಏರಿಳಿತದ ರೇಖೆಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ಆ ಊರಿನ ಬೆಸ್ತರಿಗೆ ಇಂಥ ರೇಖೆ ಬೇಕಿಲ್ಲ. ತಿಥಿ ಯಾವುದೆಂದು ತಿಳಿದರೆ ಸಾಕು, ದೋಣಿಯನ್ನು ಎಷ್ಟು ಹೊತ್ತಿಗೆ ಬಿಡಬೇಕೆಂದು ಅವರು ಹೇಳಬಲ್ಲರು.

ಎರಡನೆಯ ದಿನ ದೋಣಿಯಲ್ಲಿ ಕುಳಿತು ನೀರಿನ ಮಾದರಿಗಳನ್ನು ತೆಗೆದೆವು. ಬಾಟಲಿಯ ಬಿರಡೆಗೆ ಬೇರೊಂದು ದಾರ ಕಟ್ಟಿರುತ್ತದೆ. ಬಾಟಲಿ ಬೇಕಾದ ಆಳಕ್ಕೆ ಇಳಿದ ಮೇಲೆ ದಾರವನ್ನು ಜಗ್ಗಿದರೆ ಬಿರಡೆ ಕಳಚಿ, ಆ ಆಳದ ನೀರು ಒಳಗೆ ತುಂಬುತ್ತದೆ. ಅಳಿವೆಯ ಬಾಯಿಯಿಂದ ಮಿರ್ಜಾನಿನ ಕಡೆಗೆ ಸಾಗುತ್ತ ಹಲವು ಕಡೆ, ಮೇಲಿನ ನೀರನ್ನೂ ತಳದ ನೀರನ್ನೂ ಬೇರೆ ಬೇರೆಯಾಗಿ ಹಿಡಿದೆವು. ಸಂಜೆ ಒಂದೊಂದರಲ್ಲೂ 100 ಮಿಲಿಲೀಟರ್ ನೀರನ್ನು ಅಳೆದು, ಬಟ್ಟಲಲ್ಲಿ ಕುದಿಸಿ ಇಂಗಿಸಿ, ಉಳಿದ ಉಪ್ಪನ್ನು ತೂಗಿದೆವು. ಕಡಲಿನ ನೀರು ಸುಮಾರು ಮೂರೂವರೆ ಗ್ರಾಂ ಉಪ್ಪನ್ನು ಬಿಟ್ಟಿತು. ನದಿಯ ಮೇಲ್ಭಾಗಕ್ಕೆ ಹೋದಂತೆ ಉಪ್ಪು ಕಡಿಮೆಯಾಗುತ್ತ ಹೋಯಿತು. ಅಷ್ಟನ್ನು ಎಲ್ಲರೂ ನಿರೀಕ್ಷಿಸಿದ್ದೆವು. ಆದರೆ ಒಂದೇ ಜಾಗದಲ್ಲಿ ತೆಗೆದ ಎರಡು ಬಾಟಲಿಗಳಲ್ಲಿ ಮೇಲಿನ ನೀರಿಗಿಂತ ತಳದ ನೀರು ಹೆಚ್ಚು ಉಪ್ಪಾಗಿರುವುದನ್ನು ತಕ್ಕಡಿಯಲ್ಲಿ ಕಂಡಾಗ ಆದ ಸಂತೋಷವೇ ಬೇರೆ. ಉಪ್ಪುನೀರು ತೂಕದ್ದು, ಸಿಹಿನೀರು ಹಗುರ. ಕಡಲು ಅಡಿಯಿಂದ ನುಸುಳಿ ಒಳನುಗ್ಗುತ್ತದೆ, ಹೊಳೆ ಅದರ ಬೆನ್ನಿನ ಮೇಲೆ ಹರಿದು ಹೊರಹೋಗುತ್ತದೆ. ಮೇಲೆ ನಿಂತು ನೋಡುವವನಿಗೆ ಒಂದೇ ನೀರಾಗಿ ಕಾಣುವಲ್ಲಿ ಎರಡು ನೀರುಗಳು ಎದುರು ಬದುರಾಗಿ ನಡೆಯುತ್ತಿರುತ್ತವೆ.

ಹೊಳೆ ಹೀಗೆ ಹರಿಯುತ್ತಿರುವುದರಿಂದಲೇ ಕಡಲು ಒಂದು ಮಿತಿಯಲ್ಲಿ ನಿಲ್ಲುತ್ತದೆ. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದಷ್ಟೂ ಉಪ್ಪು ಒಳನಾಡಿನ ಕಡೆಗೆ ಮುಂದುವರಿಯುತ್ತದೆ. ದಡದ ಬಾವಿಗಳ ನೀರು ಸವಳಾಗುತ್ತದೆ, ತೋಟಗಳ ಬೇರಿಗೆ ಉಪ್ಪು ತಗಲುತ್ತದೆ. ಸವಳು ಎಂಬ ಮಾತು ತುಂಗಭದ್ರೆಯ ನೀರಾವರಿ ಪ್ರದೇಶದವರಿಗೆ ಹೊಸದಲ್ಲ. ಅತಿಯಾಗಿ ನೀರು ಹಾಯಿಸಿದ ಹೊಲಗಳಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದು, ಬಿತ್ತಿದ ಬೀಜ ಮೊಳೆಯದೆ ಹೋಗುವುದನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ನೀರು ಹೆಚ್ಚಾಗಿ ಬರುವ ಸವಳು ಅಳಿವೆಯ ಊರುಗಳಲ್ಲಿ ಹೊಳೆಯ ನೀರು ಕಡಿಮೆಯಾದರೆ ಬರುತ್ತದೆ.

ಮೂರನೆಯ ದಿನ ಕೆಸರಿನ ದಿನ. ನೀರಿಳಿದ ಬಯಲಿನಲ್ಲಿ ಮೊಣಕಾಲುದ್ದ ಹೂತುಕೊಂಡು ನಡೆಯುವಾಗ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಯಾರೋ ನೆನಪಿಸಿದರು. ಇಷ್ಟೊಂದು ಕೆಸರು ಇಲ್ಲಿಯೇ ಏಕೆ ಕೂಡುತ್ತದೆ? ಪ್ರಾಧ್ಯಾಪಕರು ಎರಡು ಜಾಡಿಗಳಲ್ಲಿ ಒಂದೇ ಮಣ್ಣನ್ನು ಸಿಹಿನೀರಿನಲ್ಲಿ ಕದಡಿದರು; ಒಂದಕ್ಕೆ ಮಾತ್ರ ಒಂದು ಹಿಡಿ ಉಪ್ಪು ಹಾಕಿದರು. ಉಪ್ಪು ಹಾಕಿದ ಜಾಡಿಯಲ್ಲಿ ಮಣ್ಣು ಸಣ್ಣ ಸಣ್ಣ ಮುದ್ದೆಗಳಾಗಿ ಕೂಡಿ ತಳಕ್ಕೆ ಇಳಿಯತೊಡಗಿತು. ಮತ್ತೊಂದು ಜಾಡಿ ಬಹಳ ಹೊತ್ತು ಕದಡಿಯೇ ಉಳಿಯಿತು. ಜೇಡಿಮಣ್ಣಿನ ಕಣಗಳು ಒಂದೇ ಬಗೆಯ ವಿದ್ಯುದಾವೇಶವನ್ನು ಹೊತ್ತಿರುವುದರಿಂದ ಸಿಹಿನೀರಿನಲ್ಲಿ ಪರಸ್ಪರ ದೂರ ಸರಿಯುತ್ತ ತೇಲುತ್ತವೆ. ಉಪ್ಪಿನ ಸಂಪರ್ಕದಿಂದ ಆ ವಿಕರ್ಷಣ ಕುಗ್ಗಿ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಘಟ್ಟದಿಂದ ಹೊಳೆ ಹೊತ್ತು ತಂದ ಮಣ್ಣು, ಕೊಳೆತ ಎಲೆ, ಕರಗಿದ ಖನಿಜ ಇವೆಲ್ಲ ಉಪ್ಪುನೀರಿನ ಬಾಗಿಲಲ್ಲಿ ಹೀಗೆ ಇಳಿದು ನಿಲ್ಲುತ್ತವೆ. ಘಟ್ಟದ ಮೇಲಿನ ಕಾಡು ತನ್ನ ಗೊಬ್ಬರವನ್ನು ಹೊಳೆಯ ಕೈಯಲ್ಲಿ ಕಡಲತೀರಕ್ಕೆ ಕಳುಹಿಸಿಕೊಟ್ಟಂತಾಗುತ್ತದೆ.

ಆ ಕೆಸರನ್ನು ಒಂದು ಗೇಣು ಅಗೆದರೆ ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಪ್ರಾಣವಾಯು ಇಲ್ಲ. ಹೀಗಿದ್ದೂ ಆ ಕೆಸರಿನಲ್ಲಿಯೇ ಕಾಡೊಂದು ಬೆಳೆದು ನಿಂತಿದೆ. ಕರಾವಳಿಯವರು ಅದನ್ನು ಕಾಂಡ್ಲಾ ಎನ್ನುತ್ತಾರೆ. ಒಂದು ಜಾತಿಯ ಮರ ಕಾಂಡದ ಸುತ್ತಲೂ ಊರುಗೋಲುಗಳಂತೆ ಬೇರುಗಳನ್ನು ಇಳಿಬಿಟ್ಟು ಅಲುಗದೆ ನಿಲ್ಲುತ್ತದೆ. ಇನ್ನೊಂದು ಜಾತಿಯ ಮರ ಉಸಿರಾಡುವುದಕ್ಕಾಗಿ ಬೇರಿನ ತುದಿಗಳನ್ನು ಪೆನ್ಸಿಲುಗಳಂತೆ ಕೆಸರಿನಿಂದ ಮೇಲಕ್ಕೆ ನಿಲ್ಲಿಸುತ್ತದೆ. ಒಳಗೆ ಸೇರಿದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಎಲೆಯನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪು ತಿಳಿಯುತ್ತದೆ. ಊರುಗೋಲಿನ ಮರದ ಬೀಜವಂತೂ ತಾಯಿಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ಜೋತುಬಿದ್ದು, ಬೆಳೆದ ಮೇಲೆ ಕೆಳಗೆ ಬೀಳುತ್ತದೆ. ನೀರಿಳಿದಾಗ ಬಿದ್ದರೆ ಅಲ್ಲಿಯೇ ನಾಟಿಕೊಳ್ಳಬಹುದು. ನೀರೇರಿದಾಗ ಬಿದ್ದರೆ ತೇಲಿಕೊಂಡು ಹೋಗಿ ಬೇರೊಂದು ದಡದಲ್ಲಿ ಬೇರೂರಬಹುದು. ಈ ಮರಗಳ ಉದುರಿದೆಲೆ ಸೀಗಡಿ, ಏಡಿ, ಮೀನುಮರಿಗಳಿಗೆ ಆಹಾರದ ಮೂಲ. ಬೇರುಗಳ ಸಂದಿ ಅವುಗಳಿಗೆ ಅಡಗುತಾಣ. ಎಷ್ಟೋ ಜಾತಿಯ ಸೀಗಡಿಗಳು ಹುಟ್ಟುವುದು ಕಡಲಿನಲ್ಲಿ. ಮರಿಗಳು ಅಳಿವೆಯೊಳಕ್ಕೆ ಬಂದು ಬೆಳೆದು, ದೊಡ್ಡವಾದ ಮೇಲೆ ಕಡಲಿಗೆ ಮರಳುತ್ತವೆ.

ಅದೇ ಮಧ್ಯಾಹ್ನ ಮರದ ಚೌಕಟ್ಟನ್ನು ಕೆಸರಿನ ಮೇಲಿಟ್ಟು, ಅದರೊಳಗಿನ ಬಿಲಗಳನ್ನೂ ಚಿಪ್ಪುಗಳನ್ನೂ ಎಣಿಸತೊಡಗಿದೆವು. ಒಂದು ಕೊಂಬು ಮಾತ್ರ ದೊಡ್ಡದಾಗಿರುವ ಸಣ್ಣ ಏಡಿಗಳು, ಕೆಸರಿನ ಮೇಲೆ ಜಿಗಿದಾಡುವ ಮೀನುಗಳು ನಮ್ಮ ಲೆಕ್ಕವನ್ನು ಮತ್ತೆ ಮತ್ತೆ ಕೆಡಿಸಿದವು. ಸ್ವಲ್ಪ ದೂರದಲ್ಲಿ ಹೆಂಗಸರ ಗುಂಪೊಂದು ಬಾಗಿ ನಿಂತು ಬೆಳಚು ಆರಿಸುತ್ತಿತ್ತು. ಬೆಳಚು ಎಂದರೆ ಎರಡು ಚಿಪ್ಪುಗಳ ನಡುವೆ ಬಾಳುವ ಮೃದ್ವಂಗಿ. ಕರಾವಳಿಯವರ ಪ್ರೀತಿಯ ಆಹಾರ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನದಂತೆ ಈ ಒಂದು ಅಳಿವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಇಂಥ ಚಿಪ್ಪುಜೀವಿಗಳನ್ನು ಆರಿಸುವ ಕೆಲಸದಲ್ಲಿ ತೊಡಗಿದ್ದರು. ನಾನು ಅವರಲ್ಲಿ ಹಿರಿಯರೊಬ್ಬರನ್ನು ನಮ್ಮ ಕಡೆಯ ರೂಢಿಯಂತೆ “ಯವ್ವಾ” ಎಂದು ಕರೆದು, ಕೆಸರಿನೊಳಗೆ ಅಡಗಿದ್ದು ಹೇಗೆ ಸಿಗುತ್ತದೆ ಎಂದು ಕೇಳಿದೆ. ಆ ಕರೆಗೆ ಅವರು ನಕ್ಕು, “ಕಣ್ಣಲ್ಲಿ ಹುಡುಕಿದ್ರೆ ಸಿಗೂದಿಲ್ಲ ಮಾಸ್ತರೇ, ಕಾಲಲ್ಲಿ ಹುಡುಕಬೇಕು” ಎಂದರು. ಪಾದದ ಅಡಿಯ ಸ್ಪರ್ಶದಿಂದಲೇ ಅವರು ಚಿಪ್ಪಿನ ಅಳತೆಯನ್ನು ತಿಳಿಯುತ್ತಿದ್ದರು. ನನ್ನ ಕೈಗೆ ಸಿಕ್ಕಿದ ಒಂದು ಪುಟ್ಟ ಚಿಪ್ಪನ್ನು ತೋರಿಸಿದಾಗ, “ಸಣ್ಣದನ್ನ ಬಿಟ್ಟುಬಿಡಿ, ಅದು ಮುಂದಿನ ವರ್ಷದ್ದು” ಎಂದರು. ಮತ್ತೆ, ನೀರು ತೀರ ಉಪ್ಪಾದರೂ ಬೆಳಚು ಬಾಳುವುದಿಲ್ಲ, ತೀರ ಸಪ್ಪೆಯಾದರೂ ಬಾಳುವುದಿಲ್ಲ ಎಂದೂ ತಿಳಿಸಿದರು. ನಾವು ಹಿಂದಿನ ಸಂಜೆ ತಕ್ಕಡಿಯಲ್ಲಿ ತೂಗಿದ್ದನ್ನು ಆ ತಾಯಿ ಬದುಕಿನಲ್ಲಿ ತೂಗಿ ತಿಳಿದಿದ್ದರು.

ಅವರು ಕೊಟ್ಟ ಕೆಲವು ಬೆಳಚುಗಳನ್ನು ಒಂದು ಜಾಡಿಯ ರಾಡಿನೀರಿನಲ್ಲಿ ಬಿಟ್ಟೆವು. ಪಕ್ಕದ ಜಾಡಿಯಲ್ಲಿ ಅದೇ ನೀರನ್ನು ಹಾಗೆಯೇ ಇಟ್ಟೆವು. ಕೆಲವು ಗಂಟೆಗಳಲ್ಲಿ ಮೊದಲ ಜಾಡಿಯ ನೀರು ಎರಡನೆಯದಕ್ಕಿಂತ ಎಷ್ಟೋ ತಿಳಿಯಾಗಿತ್ತು. ಬೆಳಚು ನೀರನ್ನು ಒಳಗೆಳೆದು, ಅದರಲ್ಲಿನ ಸೂಕ್ಷ್ಮ ಆಹಾರಕಣಗಳನ್ನು ಸೋಸಿಕೊಂಡು, ಉಳಿದುದನ್ನು ಹೊರಬಿಡುತ್ತದೆ. ಯಾರೂ ಕಟ್ಟಿಸದ, ಯಾರೂ ಸಂಬಳ ಕೊಡದ ನೀರು ಶುದ್ಧೀಕರಣದ ಕಾರ್ಖಾನೆ ಅದು! ಸಂಜೆ ಅವುಗಳನ್ನು ಎತ್ತಿದ ಸ್ಥಳದಲ್ಲಿಯೇ ಮರಳಿ ಬಿಟ್ಟು ಬಂದೆವು.

ನಾಲ್ಕನೆಯ ದಿನ ಗಜನಿಗಳನ್ನು ನೋಡಿದೆವು. ಉಬ್ಬರದ ನೀರು ಬರುವ ತಗ್ಗಿನಲ್ಲಿ ಒಡ್ಡು ಕಟ್ಟಿ, ಒಡ್ಡಿಗೆ ಬಾಗಿಲು ಇಟ್ಟು ಸಾಗುವಳಿ ಮಾಡುವ ಭೂಮಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಮಳೆಯ ನೀರೂ ಹೊಳೆಯ ನೀರೂ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಅದು ಎತ್ತರವಾಗಿ ಬೆಳೆಯುವ, ನೆರೆಯನ್ನೂ ಉಪ್ಪನ್ನೂ ತಾಳುವ ತಳಿ. ಗೊಬ್ಬರ ಬೇಕಿಲ್ಲ, ಹೊಳೆ ತಂ‌ದ ಗೋಡೇ ಅದಕ್ಕೆ ಗೊಬ್ಬರ. ಕೊಯ್ಲಿನಲ್ಲಿ ತೆನೆಗಳನ್ನು ಮಾತ್ರ ಕೊಯ್ದು ದಂಟನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟರೆ, ಕೊಳೆಯುವ ದಂಟಿನ ನಡುವೆ ಮೀನು, ಸೀಗಡಿಗಳು ಬೆಳೆಯುತ್ತವೆ. ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ಒಂದೇ ಭೂಮಿಯಲ್ಲಿ ಮಳೆಗಾಲಕ್ಕೆ ಅನ್ನ, ಬೇಸಗೆಗೆ ಮೀನು. ಸಮೀಪದ ಸಾಣಿಕಟ್ಟೆಯಲ್ಲಿ ಅದೇ ಅಳಿವೆಯ ನೀರಿನಿಂದ ಉಪ್ಪು ತೆಗೆಯುತ್ತಾರೆ. ನಾವು ಹೋದಾಗ ಬರಲಿರುವ ಬೇಸಗೆಗಾಗಿ ಉಪ್ಪಿನ ಗದ್ದೆಗಳನ್ನು ತುಳಿದು ಗಟ್ಟಿಮಾಡುತ್ತಿದ್ದರು. ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ಈ ಜನರಿಗಂತೂ ಸಲ್ಲದು.

ಕೊನೆಯ ರಾತ್ರಿ ಶಿಬಿರಾರ್ಥಿಗಳೆಲ್ಲ ಸುತ್ತಲೂ ಕುಳಿತಾಗ, ನಾನು ನಮ್ಮ ಗುಡಿಯ ಕಟ್ಟೆಯ ಮಾತನ್ನು ಎಲ್ಲರ ಮುಂದಿಟ್ಟೆ. ಕಡಲು ಸೇರುವ ನೀರು ಹಾಳಾಗುವುದೇ? ಮಾತು ಬೇಗನೆ ಬಿಸಿಯೇರಿತು. ಬೇಡ್ತಿ ನದಿಯ ನೀರನ್ನು ಘಟ್ಟದ ಮೇಲೆಯೇ ತಡೆದು ವರದಾ ನದಿಗೆ ತಿರುಗಿಸುವ ಯೋಜನೆಯ ಪ್ರಸ್ತಾಪ ದಶಕಗಳಿಂದ ನಡೆದಿದೆ. ಬೇಡ್ತಿಯೇ ಕೆಳಗೆ ಗಂಗಾವಳಿ ಎನಿಸಿಕೊಂಡು ಕಡಲನ್ನು ಸೇರುತ್ತದೆ. ವರದೆ ಗಳಗನಾಥದಲ್ಲಿ ನಮ್ಮ ತುಂಗಭದ್ರೆಯನ್ನು ಕೂಡುತ್ತದೆ. ಅಂದರೆ, ಅಂದು ಎದುರು ಬದುರು ಕುಳಿತಿದ್ದ ನಮ್ಮಲ್ಲಿ ಕೆಲವರು ನೀರು ಬರಲೆಂದು ಹಾರೈಸುವ ಊರಿನವರು. ಕೆಲವರು ನೀರು ಹೋದೀತೆಂದು ಅಂಜುವ ಊರಿನವರು. ಬಯಲುಸೀಮೆಯ ಶಿಕ್ಷಕರೊಬ್ಬರು ಎದ್ದು, ಬರಗಾಲದಲ್ಲಿ ದನಗಳನ್ನು ಮಾರಿ ಗುಳೆ ಹೋಗುವ ಮನೆಗಳ ಮಕ್ಕಳು ತಮ್ಮ ತರಗತಿಯಿಂದ ಹೇಗೆ ಕಾಣೆಯಾಗುತ್ತಾರೆಂದು ವಿವರಿಸಿದರು. ಕರಾವಳಿಯ ಶಿಕ್ಷಕಿಯೊಬ್ಬರು, ಅಳಿವೆ ಕೆಟ್ಟರೆ ತಮ್ಮ ತರಗತಿಯಿಂದಲೂ ಮಕ್ಕಳು ಹಾಗೆಯೇ ಕಾಣೆಯಾಗುತ್ತಾರೆಂದರು. ಇಬ್ಬರ ಮಾತಿಗೂ ಯಾರಲ್ಲಿಯೂ ಎದುರುತ್ತರವಿರಲಿಲ್ಲ.

ಪ್ರಾಧ್ಯಾಪಕರು ತೀರ್ಪು ಹೇಳಲಿಲ್ಲ. “ಐದು ದಿನಗಳಲ್ಲಿ ಏನೇನು ಅಳೆದಿರೋ ಅದನ್ನು ಓದಿ” ಎಂದರು. ನಾವು ಓದಿದೆವು. ಹೊಳೆಯ ನೀರು ಉಪ್ಪನ್ನು ತಡೆದು ಬಾವಿಗಳನ್ನು ಕಾದಿತ್ತು. ಕೆಸರನ್ನು ತಂದು ಕಾಂಡ್ಲಾ ಕಾಡನ್ನು ಬೆಳೆಸಿತ್ತು. ಗಜನಿಯ ಮಣ್ಣನ್ನು ತೊಳೆದು ಕಗ್ಗವನ್ನು ಕೊಟ್ಟಿತ್ತು. ಬೆಳಚಿಗೆ ಹಿತವಾಗುವಷ್ಟು ಸಪ್ಪೆಯನ್ನು ಕಡಲಿಗೆ ಬೆರೆಸಿತ್ತು. ಇಷ್ಟೆಲ್ಲ ಕೆಲಸ ಮಾಡಿದ ನೀರನ್ನು ಹಾಳಾದ ನೀರೆಂದು ಕರೆಯುವುದು ನ್ಯಾಯವಾಗದು. ಒಣಭೂಮಿಗೆ ನೀರು ಬೇಕೆಂಬುದು ಸುಳ್ಳಾಗಲಿಲ್ಲ. ಆದರೆ ಎಲ್ಲಿಂದ ನೀರನ್ನು ತೆಗೆದರೂ, ಆ ನೀರು ಅಲ್ಲಿ ಮಾಡುತ್ತಿದ್ದ ಕೆಲಸದ ಬೆಲೆಯನ್ನು ಲೆಕ್ಕದಲ್ಲಿ ಬರೆಯಲೇಬೇಕು. ಆ ಬೆಲೆಯನ್ನು ಬರೆಯದ ಲೆಕ್ಕ ಅರ್ಧ ಲೆಕ್ಕ.

ಊರಿಗೆ ಬಂದ ಮೇಲೆ, ಮುಂದಿನ ಮಳೆಗಾಲದಲ್ಲಿ, ನಮ್ಮ ಶಾಲೆಯ ಮಕ್ಕಳೊಡನೆ ತುಂಗಭದ್ರೆಯ ದಡದಲ್ಲಿ ಕೆಲವು ಪ್ರಯೋಗಗಳನ್ನು ಪ್ರಾರಂಭಿಸಿದೆ. ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ನೀರಿನ ತಿಳಿತನವನ್ನು ಅಳೆಯಲು ಬಿಳಿಯ ತಟ್ಟೆಗಳನ್ನು ಕಡಲಿಗೆ ಇಳಿಬಿಟ್ಟು, ಅವು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆಂದು ನೋಡಿದ್ದರು. ನಮ್ಮ ಮಕ್ಕಳು ಊಟದ ತಟ್ಟೆಯೊಂದಕ್ಕೆ ಕಪ್ಪು ಬಿಳುಪು ಬಣ್ಣ ಬಳಿದು, ಗೇಣಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಟ್ಟಿದರು. ಹೊಳೆ ಕೆಂಪಾಗಿದ್ದಾಗ ತಟ್ಟೆ ಮೊದಲ ಗಂಟಿನೊಳಗೇ ಮರೆಯಾಯಿತು. ಅಷ್ಟು ಮಣ್ಣು ಎಲ್ಲಿಯದು? ಮೇಲಿನ ಗುಡ್ಡಗಳದು, ನಮ್ಮದೇ ಹೊಲಗಳದು. ಅದು ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಬಹುಭಾಗ ಹೊಸಪೇಟೆಯ ಜಲಾಶಯದಲ್ಲಿ ನಿಲ್ಲುತ್ತದೆ. 1953ರಲ್ಲಿ ನೀರು ನಿಲ್ಲಿಸತೊಡಗಿದಾಗ ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಆ ಜಲಾಶಯದ ಸಾಮರ್ಥ್ಯ, ಹೂಳು ತುಂಬಿ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ. ಜಲಾಶಯದಲ್ಲಿ ನಿಂತ ಆ ಮಣ್ಣು ಕೃಷ್ಣೆಯ ಮುಖಜ ಭೂಮಿಯನ್ನು ತಲುಪುವುದಿಲ್ಲ. ಅಲ್ಲಿನ ಕಾಂಡ್ಲಾ ಕಾಡಿಗೂ ತೀರಕ್ಕೂ ಅಷ್ಟು ಕೊರತೆ. ಮಕ್ಕಳು ಕೆಂಪು ನೀರನ್ನು ಎರಡು ಜಾಡಿಗಳಲ್ಲಿ ತುಂಬಿ, ಒಂದಕ್ಕೆ ಉಪ್ಪು ಹಾಕಿ, ಮಣ್ಣು ಮುದ್ದೆಯಾಗಿ ಇಳಿಯುವುದನ್ನು ನೋಡಿದರು. ಕಡಲನ್ನು ಎಂದೂ ಕಾಣದ ಆ ಮಕ್ಕಳ ಮುಂದೆ ಮೇಜಿನ ಮೇಲೊಂದು ಅಳಿವೆ ತೆರೆದಿತ್ತು. ಬದುವು ಹಾಕಿ ಹೊಲದ ಮಣ್ಣನ್ನು ಹೊಲದಲ್ಲಿಯೇ ಉಳಿಸಿಕೊಳ್ಳಬೇಕೆಂಬ ಹಿರಿಯರ ಬುದ್ಧಿವಾದವೂ ಅಂದು ಅವರಿಗೆ ಬೇರೆಯ ಬೆಳಕಿನಲ್ಲಿ ಕಂಡಿತು.

ಅಳಿವೆಗೂ ನಮ್ಮ ಜಿಲ್ಲೆಗೂ ಇನ್ನೊಂದು ನಂಟು ಆಮೇಲೆ ಕೂಡಿಬಂದಿತು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಹಲವು ದೇಶಗಳು ಸೇರಿ, ಜೌಗುಭೂಮಿಗಳನ್ನು ಕಾಪಾಡುವ ಒಪ್ಪಂದವೊಂದನ್ನು ಮಾಡಿಕೊಂಡವು. ಜಗತ್ತಿನ ಮಹತ್ವದ ಕೆರೆ, ಅಳಿವೆ, ಜೌಗುಗಳ ಪಟ್ಟಿಯನ್ನು ಆ ಒಪ್ಪಂದದ ಅಡಿಯಲ್ಲಿ ಇಡಲಾಗುತ್ತದೆ. 2024ರ ಆರಂಭದಲ್ಲಿ ಕರ್ನಾಟಕದ ಮೂರು ಸ್ಥಳಗಳು ಆ ಪಟ್ಟಿಗೆ ಸೇರಿದ ಸುದ್ದಿ ಬಂದಿತು. ಒಂದು, ಅಘನಾಶಿನಿಯ ಅಳಿವೆ. ಇನ್ನೊಂದು, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಮತ್ತೊಂದು, ನಮ್ಮದೇ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಆ ಕೆರೆಯಲ್ಲಿ ತಂಗುತ್ತವೆ. ಸಮುದ್ರದ ಅಂಚಿನ ಕೆಸರೂ ಬಯಲುಸೀಮೆಯ ಕೆರೆಯೂ ಒಂದೇ ಗೌರವಕ್ಕೆ ಪಾತ್ರವಾದದ್ದನ್ನು ಓದಿದಾಗ, ಇವೆರಡರ ನಡುವಿನ ಘಟ್ಟ ಸ್ವಲ್ಪ ತಗ್ಗಿದಂತೆ ನನಗೆ ಭಾಸವಾಯಿತು.

ನಿಮ್ಮಲ್ಲಿ ಹಲವರ ಊರುಗಳಿಗೆ ಕಡಲು ದೂರವಿರಬಹುದು. ಹಳ್ಳ, ಕೆರೆ, ಕಾಲುವೆ, ಹೊಳೆ ಇವುಗಳಲ್ಲಿ ಒಂದಾದರೂ ಹತ್ತಿರದಲ್ಲಿ ಇದ್ದೇ ಇರುತ್ತದೆ. ಅಲ್ಲಿಗೆ ಹಿರಿಯರೊಡನೆ ಒಂದು ಹಗ್ಗ, ಒಂದು ಬಾಟಲಿ, ಒಂದು ನೋಟುಪುಸ್ತಕವನ್ನು ಹಿಡಿದು ಹೋಗಿರಿ. ನೀರಿನ ಮಟ್ಟವನ್ನು ಗುರುತು ಹಾಕಿರಿ, ತಿಳಿತನವನ್ನು ಅಳೆಯಿರಿ, ಅಲ್ಲಿ ಬಾಳುವ ಜೀವಿಗಳನ್ನು ಎಣಿಸಿ ಬರೆಯಿರಿ. ದಡದಲ್ಲಿ ದುಡಿಯುವವರನ್ನು ಕೇಳಿರಿ. ಅವರಿಗೆ ತಿಳಿದಿರುವುದು ಬಹಳ. ಹೀಗೆ ವರ್ಷ ವರ್ಷವೂ ಬರೆದಿಟ್ಟ ಪುಸ್ತಕ ನಿಮ್ಮ ಊರಿನ ನೀರಿನ ಚರಿತ್ರೆಯಾಗುತ್ತದೆ. ಮುಂದೆ ಎಂದಾದರೂ ನೀರಿನ ಬಗ್ಗೆ ನಾಲ್ಕು ಜನ ಕೂಡಿ ನಿರ್ಣಯ ಮಾಡಬೇಕಾದಾಗ, ಆ ಪುಸ್ತಕವನ್ನು ತೆರೆದು ಮಾತನಾಡಬಲ್ಲವರು ನೀವಾಗಿರುತ್ತೀರಿ.